ಪ್ರತಿಕ್ರಿಯೆ: ಏಡರ್ ಸೂಚಿಸಿದ ತಿದ್ದುಪಡಿ ಕಡತದಲ್ಲಿ ಕೂರದಿದ್ದರೆ
ತೀರ್ಥಹಳ್ಳಿಯ ಅಡಿಕೆ ಮಂಡಿಯ ಬಿಲ್ ತಂತ್ರಾಂಶದಲ್ಲಿ ಏಡರ್‌ನ (ಎಐ ಮಾದರಿಯಿಂದ ಕೋಡ್ ತಿದ್ದಿಸುವ ಸಾಧನ) ತಿದ್ದುಪಡಿ ‘ಹೊಂದಲಿಲ್ಲ’ ಎಂದು ನಿಲ್ಲುತ್ತಿದೆ ಎಂದು ಕೇಳಿದ್ದೀರಿ. ಅದಕ್ಕೆ ಬಹುಶಃ ಕಾರಣ, ಇಡೀ ಪ್ರಾಜೆಕ್ಟನ್ನು ನೀವು ಅದರ ಮುಂದೆ ಸುರಿದಿರುವುದು. ಹಳೆಯ ಸಾಲುಗಳನ್ನು ಮಾದರಿ ಅಕ್ಷರಶಃ ಉದ್ಧರಿಸಿದರೆ ಮಾತ್ರ ಹೊಸದು ಅಲ್ಲಿ ಕೂರುತ್ತದೆ. ಕಡತಗಳು ಹೆಚ್ಚಿದರೆ ಮಾದರಿ ಒಂದು ಸಾಲನ್ನು ನುಂಗುತ್ತದೆ, ಇನ್ನೊಂದನ್ನು ತಾನೇ ಹುಟ್ಟಿಸುತ್ತದೆ.

ಮೊದಲು ಏಡರ್‌ಗೆ ಡ್ರಾಪ್ (/drop) ಆದೇಶ ಕೊಟ್ಟು ಸೇರಿಸಿದ ಕಡತಗಳನ್ನೆಲ್ಲ ಚಾಟ್‌ನಿಂದ ತೆಗೆಯಿರಿ. ದರ ಲೆಕ್ಕ ಹಾಕುವ ಕಡತವೊಂದನ್ನೇ ಸೇರಿಸಿ, ಒಂದೇ ಕೆಲಸ ಹೇಳಿ: ‘ಗೊರಬಲಿಗೆ ಮಾತ್ರ ತೂಕದ ಕಡಿತ ಬದಲಿಸು’ (ಗೊರಬಲು ಅಡಿಕೆಯ ಒಂದು ದರ್ಜೆ). ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುವ ಚಿಕ್ಕ ಮಾದರಿಯಾದರೆ ಇಷ್ಟು ಸಾಲದೆ ಹೋಗಬಹುದು. ಆಗ ಎಡಿಟ್ ಫಾರ್ಮ್ಯಾಟನ್ನು, ಅಂದರೆ ಮಾದರಿ ತಿದ್ದುಪಡಿ ಕೊಡುವ ರೀತಿಯನ್ನು, ‘ಹೋಲ್’ (whole) ಮಾಡಿ. ಕಡತವನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ, ನಿಧಾನವಾಗಿಯಾದರೂ.

ಆಮೇಲೆ ರಾಶಿ, ಬೆಟ್ಟೆಯಂಥ ಬೇರೆ ದರ್ಜೆಗಳ ಹಳೆಯ ಬಿಲ್ಲುಗಳನ್ನು ಹಾಕಿ ಮೊತ್ತ ತಾಳೆ ನೋಡಿ. ತಪ್ಪಿದ್ದರೆ ಅನ್‌ಡು (/undo) ಆದೇಶ ಕೊಟ್ಟು ಆ ತಿದ್ದುಪಡಿಯನ್ನು ಹಿಂತೆಗೆಯಿರಿ. ಅದು ಸಾಧ್ಯವಾಗುವುದು, ಗಿಟ್ ಕಮಿಟನ್ನು (ಬದಲಾವಣೆಯ ದಾಖಲೆ) ಏಡರ್ ತಾನೇ ಮಾಡಿರುವುದರಿಂದ.