ಮೊದಲ ಬಾರಿ ರಂಜಾನ್ ರೋಜಾ ಹಿಡಿಯುವವರು ಎಡವುವುದೆಲ್ಲಿ?

ಈ ಸಲ ಮೊದಲ ಬಾರಿಗೆ ಇಡೀ ತಿಂಗಳು ರೋಜಾ ಇರುತ್ತೇನೆ, ಯಾವುದರಿಂದ ರೋಜಾ ಮುರಿಯುತ್ತದೆ, ಫಿತ್ರಾ (ಈದ್ ನಮಾಜಿಗೆ ಮುನ್ನ ಬಡವರಿಗೆ ಕೊಡಬೇಕಾದ ದಾನ) ಎಷ್ಟು ಮತ್ತು ಯಾವಾಗ ಕೊಡಬೇಕು, ಈದ್ ನಮಾಜಿನಲ್ಲಿ ತಪ್ಪಾಗದಂತೆ ಏನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ಆರೋಗ್ಯವಂತರಿಗೆ ಹಸಿವು, ಬಾಯಾರಿಕೆ ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಹೊತ್ತಿನ ಲೆಕ್ಕದಲ್ಲಿ. ಹಾಗಾಗಿ ಹೊತ್ತನ್ನೇ ಹಿಡಿದು ಹೇಳುತ್ತೇನೆ.

ರೋಜಾ ಶುರುವಾಗುವುದು ಫಜ್ರ್ ಹೊತ್ತಿಗೆ, ಅಂದರೆ ಸೂರ್ಯ ಹುಟ್ಟುವುದಕ್ಕೆ ಸಾಕಷ್ಟು ಮುಂಚೆ. ಬಿಳಿ ನೂಲು ಕರಿ ನೂಲಿನಿಂದ ಬೇರೆಯಾಗಿ ಕಾಣುವ ತನಕ ತಿನ್ನಿ, ಕುಡಿಯಿರಿ ಎನ್ನುತ್ತದೆ ಕುರ್‌ಆನ್‌ನ 2ನೇ ಅಧ್ಯಾಯದ 187ನೇ ವಚನ. ಅದೀ ಬಿನ್ ಹಾತಿಂ ಎಂಬ ಸಹಾಬಿ (ಪ್ರವಾದಿಯವರ ಸಂಗಾತಿ) ತಲೆದಿಂಬಿನ ಕೆಳಗೆ ಒಂದು ಕಪ್ಪು, ಒಂದು ಬಿಳಿ ಹುರಿ ಇಟ್ಟುಕೊಂಡು ನೋಡುತ್ತಿದ್ದರು. ಅದು ಇರುಳಿನ ಕತ್ತಲೆ ಮತ್ತು ಹಗಲಿನ ಬೆಳಕು ಎಂದು ಪ್ರವಾದಿಯವರು ಬಿಡಿಸಿ ಹೇಳಿದರು. ಪೂರ್ವದಲ್ಲಿ ಮೊದಲು ಕಂಬದ ಹಾಗೆ ಮೇಲಕ್ಕೆದ್ದು ಮಾಯವಾಗುವ ಮಬ್ಬು ಬೆಳಕು ಲೆಕ್ಕಕ್ಕಿಲ್ಲ. ಆಮೇಲೆ ಬಾನಂಚಿನುದ್ದಕ್ಕೂ ಅಡ್ಡಲಾಗಿ ಹರಡುವ ಬೆಳಕೇ ಫಜ್ರ್. ವೇಳಾಪಟ್ಟಿ ಹಾಕುವವರಲ್ಲಿ ಕೆಲವರು ಸೂರ್ಯ ಬಾನಂಚಿಗಿಂತ 18 ಡಿಗ್ರಿ ಕೆಳಗಿರುವಾಗ ಫಜ್ರ್ ಎಂದು ಎಣಿಸುತ್ತಾರೆ, ಇನ್ನು ಕೆಲವರು 15 ಡಿಗ್ರಿ ಎನ್ನುತ್ತಾರೆ. ಎರಡು ಆ್ಯಪ್‌ಗಳಲ್ಲಿ ಹನ್ನೆರಡು ಹದಿನೈದು ನಿಮಿಷ ವ್ಯತ್ಯಾಸ ಬರುವುದು ಹೆಚ್ಚಾಗಿ ಇದರಿಂದಲೇ. ನಿಮ್ಮ ಮಸೀದಿಯ ಪಟ್ಟಿಯನ್ನೇ ತಿಂಗಳಿಡೀ ಅನುಸರಿಸಿ. ಸಹರಿಗೆ (ಫಜ್ರಿಗೆ ಮುಂಚಿನ ಊಟಕ್ಕೆ) ತಡವಾದ ಪಟ್ಟಿ, ನಮಾಜಿಗೆ ಬೇಗನೆಯ ಪಟ್ಟಿ ಎಂದು ಬೆರೆಸಬೇಡಿ.

ಕೆಲವು ಪಟ್ಟಿಗಳಲ್ಲಿ ಫಜ್ರಿಗೆ ಹತ್ತು ನಿಮಿಷ ಮೊದಲು ಇಮ್ಸಾಕ್ (ತಿನ್ನುವುದು ನಿಲ್ಲಿಸುವ ಹೊತ್ತು) ಎಂದು ಹಾಕಿರುತ್ತಾರೆ. ಅದು ಮುನ್ನೆಚ್ಚರಿಕೆಗೆ ಮಾತ್ರ. ಆ ಹತ್ತು ನಿಮಿಷದಲ್ಲಿ ನೀರು ಕುಡಿದರೆ ರೋಜಾಕ್ಕೇನೂ ಆಗುವುದಿಲ್ಲ. ಆದರೆ ಅಜಾನ್ ಮುಗಿಯುವ ತನಕ ತಿನ್ನಬಹುದು ಎಂಬ ಮಾತನ್ನು ನಂಬಬೇಡಿ. ಫಜ್ರ್ ಆದದ್ದು ಖಚಿತವಾದರೆ ಬಾಯಲ್ಲಿರುವ ತುತ್ತನ್ನೂ ಉಗುಳಬೇಕು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇನ್ನೂ ರಾತ್ರಿಯಿದೆ ಎಂದುಕೊಂಡು ತಿಂದು, ಫಜ್ರ್ ಆಗಿತ್ತೆಂದು ಆಮೇಲೆ ಗೊತ್ತಾದರೆ ಆ ದಿನ ಹಾಗೇ ಉಪವಾಸವಿದ್ದು, ರಂಜಾನ್ ಕಳೆದ ಮೇಲೆ ಒಂದು ಕಜಾ (ಬದಲಿ) ರೋಜಾ ಹಿಡಿಯಿರಿ. ಮೋಡ ಕವಿದ ಸಂಜೆ ಹೊತ್ತು ಮುಳುಗಿತೆಂದು ಅವಸರದಲ್ಲಿ ಇಫ್ತಾರ್ ಮಾಡಿದವರಿಗೂ ಇದೇ ನಿಯಮ.

ನಿಯ್ಯತ್ (ಸಂಕಲ್ಪ) ಮನಸ್ಸಿನ ಕೆಲಸ, ಬಾಯಲ್ಲಿ ಹೇಳಲೇಬೇಕೆಂದಿಲ್ಲ. ನಾಳೆಯ ರೋಜಾಕ್ಕೆಂದು ಸಹರಿಗೆ ಎದ್ದದ್ದೇ ನಿಯ್ಯತ್ ಆಗುತ್ತದೆ. ಶಾಫಿ ಮದ್‌ಹಬ್‌ನಲ್ಲಿ (ಧರ್ಮನಿಯಮಗಳ ಪಂಥ; ಹನಫಿ, ಮಾಲಿಕಿ ಕೂಡ ಇಂಥವೇ) ಪ್ರತಿ ರಾತ್ರಿಯೂ ಫಜ್ರಿಗೆ ಮೊದಲೇ ನಿಯ್ಯತ್ ಆಗಿರಬೇಕು. ಹನಫಿಯಲ್ಲಿ ಮರೆತರೆ, ಏನೂ ತಿಂದಿಲ್ಲವಾದರೆ, ನಡುಹಗಲಿಗೆ ಮುಂಚೆ ಮಾಡಿದರೂ ನಡೆಯುತ್ತದೆ. ಶಾಫಿಯವರು ಮಲಗುವ ಮುನ್ನವೇ ಮನಸ್ಸು ಮಾಡಿಕೊಳ್ಳುವುದು ಒಳ್ಳೆಯದು, ಸಹರಿಗೆ ಎಚ್ಚರವಾಗದಿದ್ದರೂ ರೋಜಾ ಉಳಿಯುತ್ತದೆ.

ಇನ್ನು ಮುರಿಯುವ ಸಂಗತಿ. ಗೊತ್ತಿದ್ದೂ ತಿನ್ನುವುದು, ಕುಡಿಯುವುದು, ದಾಂಪತ್ಯ ಸಂಬಂಧ, ಬೇಕೆಂದೇ ವಾಂತಿ ಮಾಡಿಕೊಳ್ಳುವುದು, ಇವಿಷ್ಟೂ ರೋಜಾ ಮುರಿಯುತ್ತವೆ. ತಾನಾಗಿ ಬಂದ ವಾಂತಿಯಿಂದ ಮುರಿಯುವುದಿಲ್ಲ. ಮರೆತು ತಿಂದವನ ಬಗ್ಗೆ, ಅವನು ರೋಜಾ ಪೂರ್ಣಗೊಳಿಸಲಿ, ಅವನಿಗೆ ತಿನ್ನಿಸಿ ಕುಡಿಸಿದವನು ಅಲ್ಲಾಹನೇ ಎಂದು ಪ್ರವಾದಿಯವರು ಹೇಳಿದ್ದಾರೆ (ಮಾಲಿಕಿಗಳು ಮಾತ್ರ ಇದಕ್ಕೂ ಕಜಾ ಕೇಳುತ್ತಾರೆ). ಇಲ್ಲಿ ದೊಡ್ಡ ತಪ್ಪಾಗುವುದು ಆಮೇಲೆ: ಹೇಗೂ ಹೋಯಿತಲ್ಲ ಎಂದು ಹೊಟ್ಟೆ ತುಂಬ ಊಟ ಮಾಡಿದರೆ ಆಗ ನಿಜಕ್ಕೂ ಮುರಿಯುತ್ತದೆ. ನೆನಪಾದ ಕ್ಷಣಕ್ಕೆ ಬಾಯಿ ಖಾಲಿ ಮಾಡಿ ಮುಂದುವರಿಯಿರಿ. ವುಜೂ (ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆಯುವುದು) ಮಾಡುವಾಗ ಗಂಟಲ ತನಕ ಮುಕ್ಕಳಿಸಬೇಡಿ, ಮೂಗಿಗೆ ನೀರನ್ನು ಜೋರಾಗಿ ಎಳೆದುಕೊಳ್ಳಬೇಡಿ. ಜಾರಿ ಒಳಗೆ ಹೋದರೆ ಹನಫಿ ಪ್ರಕಾರ ಕಜಾ ಬರುತ್ತದೆ. ರಕ್ತಪರೀಕ್ಷೆ, ಮಿಸ್ವಾಕ್ (ಹಲ್ಲುಜ್ಜುವ ಕಡ್ಡಿ), ಸ್ನಾನ ಯಾವುದರಿಂದಲೂ ತೊಂದರೆಯಿಲ್ಲ. ಸಾಮಾನ್ಯ ಇಂಜೆಕ್ಷನ್ ಮುರಿಯುವುದಿಲ್ಲ ಎನ್ನುವವರೇ ಹೆಚ್ಚು. ಪೌಷ್ಟಿಕ ಡ್ರಿಪ್ ಮತ್ತು ಇನ್‌ಹೇಲರ್ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ನೀವು ನಂಬುವ ಆಲಿಮರನ್ನು ರಂಜಾನ್ ಬರುವ ಮುಂಚೆಯೇ ಕೇಳಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರು ವೈದ್ಯರನ್ನೂ ಕಾಣಲೇಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಮಗ್ರಿಬ್‌ಗೆ (ಸೂರ್ಯಾಸ್ತಕ್ಕೆ) ಹತ್ತೇ ನಿಮಿಷ ಉಳಿದಿದ್ದರೂ ರೋಜಾ ಬಿಡಬೇಕು. ಜೀವಕ್ಕೆ ಅಪಾಯ ತಂದುಕೊಳ್ಳುವುದನ್ನು ಧರ್ಮ ಕೇಳುವುದಿಲ್ಲ. ಅದೇ ಕುರ್‌ಆನ್ ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಹಿಡಿಯಲು ಬಿಟ್ಟಿದೆ.

ಮುಟ್ಟಿನ ವಿಷಯದಲ್ಲೂ ಹೊತ್ತೇ ಮುಖ್ಯ. ಸೂರ್ಯ ಮುಳುಗಲು ಐದು ನಿಮಿಷವಿದ್ದಾಗ ಶುರುವಾದರೂ ಆ ದಿನದ ರೋಜಾ ಕಜಾ ಆಗುತ್ತದೆ. ಫಜ್ರಿಗೆ ಮುನ್ನ ಪೂರ್ತಿ ನಿಂತು ನಿಯ್ಯತ್ ಮಾಡಿದ್ದರೆ, ಸ್ನಾನ ಫಜ್ರಿನ ನಂತರವಾದರೂ ರೋಜಾ ಸರಿಯೇ. ಪ್ರಯಾಣ ಹೊರಡುವವರು ಗಮನಿಸಿ: ಫಜ್ರ್ ಹೊತ್ತಿಗೆ ಮನೆಯಲ್ಲೇ ಇದ್ದರೆ ಮಧ್ಯಾಹ್ನದ ಪ್ರಯಾಣಕ್ಕೆಂದು ಆ ದಿನದ ರೋಜಾ ಬಿಡುವಂತಿಲ್ಲ ಎಂದು ಹೆಚ್ಚಿನ ಮದ್‌ಹಬ್‌ಗಳು ಹೇಳುತ್ತವೆ. ವಿಮಾನದಲ್ಲಿದ್ದರೆ ಕೆಳಗಿನ ಊರಿನ ಗಡಿಯಾರ ನೋಡಬೇಡಿ, ಕಿಟಕಿಯಲ್ಲಿ ಸೂರ್ಯ ಕಾಣುತ್ತಿರುವ ತನಕ ಇಫ್ತಾರ್ ಇಲ್ಲ.

ಹೊತ್ತು ಮುಳುಗಿದ್ದು ಖಚಿತವಾದ ಮೇಲೆ ಇಫ್ತಾರ್ ತಡ ಮಾಡುವುದು ಪ್ರವಾದಿಯವರ ಮಾದರಿಯಾದ ಸುನ್ನತ್‌ಗೆ ವಿರುದ್ಧ. ಖರ್ಜೂರ, ಅದಿಲ್ಲದಿದ್ದರೆ ನೀರು, ಆಮೇಲೆ ಮಗ್ರಿಬ್ ನಮಾಜ್, ನಂತರ ಊಟ. ಒಂದೇ ಸಲಕ್ಕೆ ಒಂದು ಲೀಟರ್ ನೀರು ಕುಡಿದರೆ ಹೊಟ್ಟೆ ಉಬ್ಬಿ ತರಾವೀಹ್‌ನಲ್ಲಿ (ರಂಜಾನ್ ರಾತ್ರಿಯ ವಿಶೇಷ ನಮಾಜ್) ನಿಲ್ಲಲಾಗುವುದಿಲ್ಲ, ಸಹರಿ ತನಕ ಸ್ವಲ್ಪಸ್ವಲ್ಪವಾಗಿ ಕುಡಿಯಿರಿ. ಮೊದಲ ದಿನಗಳ ತಲೆನೋವಿಗೆ ಕಾರಣ ಅನೇಕ ಸಲ ಕಾಫಿ, ಚಹಾ ಒಮ್ಮೆಗೇ ನಿಂತದ್ದು. ಒಂದು ವಾರ ಮೊದಲೇ ಕಡಿಮೆ ಮಾಡುತ್ತ ಬನ್ನಿ.

ಕೊನೆಯ ಹತ್ತು ರಾತ್ರಿಗಳ ಲೆಕ್ಕದಲ್ಲಿ ಹಳಬರೂ ತಪ್ಪುತ್ತಾರೆ. ಹಿಜ್ರಿ ದಿನ ಸೂರ್ಯಾಸ್ತಕ್ಕೆ ಆರಂಭವಾಗುವುದರಿಂದ ರಾತ್ರಿ ಮೊದಲು, ಹಗಲು ಆಮೇಲೆ. 27ನೆಯ ರಾತ್ರಿ ಎಂದರೆ 26ನೆಯ ರೋಜಾ ಮುಗಿದ ಮೇಲೆ ಬರುವ ರಾತ್ರಿ. ಲೈಲತುಲ್ ಕದ್ರ್ (ಮಹಿಮೆಯ ರಾತ್ರಿ) ಅನ್ನು ಅರಸಬೇಕಾದ 21, 23, 25, 27, 29, ಎಲ್ಲಕ್ಕೂ ಇದೇ ಲೆಕ್ಕ. ಹತ್ತು ದಿನದ ಇಅ್‌ತಿಕಾಫ್ (ಮಸೀದಿಯಲ್ಲೇ ಉಳಿದು ಮಾಡುವ ಆರಾಧನೆ) ಕೂರುವವರು 20ನೆಯ ರೋಜಾದ ಸೂರ್ಯಾಸ್ತಕ್ಕೆ ಮೊದಲು ಮಸೀದಿಯೊಳಗಿರಬೇಕು. 27 ಒಂದನ್ನೇ ಹಿಡಿದು ಉಳಿದ ರಾತ್ರಿಗಳನ್ನು ಮಲಗಿ ಕಳೆಯುವುದು ದೊಡ್ಡ ನಷ್ಟ ಎಂದೇ ನನ್ನ ಅನಿಸಿಕೆ.

29ನೆಯ ರೋಜಾದ ಸಂಜೆ ಪಶ್ಚಿಮದಲ್ಲಿ ಚಂದ್ರ ಕಂಡರೆ ಮರುದಿನ ಈದ್, ಕಾಣದಿದ್ದರೆ 30 ಪೂರ್ಣ. ಅಮಾವಾಸ್ಯೆ ಕಳೆದ ಕೂಡಲೇ ಚಂದ್ರ ಕಾಣುವುದಿಲ್ಲ. ಸೂರ್ಯನಿಂದ ಸುಮಾರು 7 ಡಿಗ್ರಿಯಾದರೂ ದೂರ ಸರಿಯದೆ ಬಿದಿಗೆಯ ಗೆರೆ ಬರಿಗಣ್ಣಿಗೆ ಮೂಡದು. ಕ್ಯಾಲೆಂಡರ್ ದಿನಾಂಕ ಒಂದು ದಿನ ಆಚೀಚೆಯಾಗುವುದು ಇದಕ್ಕೇ.

ಫಿತ್ರಾವನ್ನು ಸಂಪತ್ತಿನ ಮೇಲಿನ ಶೇಕಡ 2.5ರ ಜಕಾತ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇದು ತಲೆಗಿಷ್ಟು, ಪುಟ್ಟ ಮಗುವಿನ ಪಾಲನ್ನೂ ತಂದೆ ಕೊಡಬೇಕು. ಅಳತೆ ಒಂದು ಸಾಅ್, ಅಂದರೆ ನಾಲ್ಕು ಬೊಗಸೆ. ಅದು ಗಾತ್ರದ ಅಳತೆಯಾದ್ದರಿಂದ ತೂಕ ಧಾನ್ಯಕ್ಕೆ ತಕ್ಕಂತೆ ಬದಲಾಗುತ್ತದೆ, 2.5ರಿಂದ 3 ಕೆಜಿ ಕೊಟ್ಟರೆ ಸಾಮಾನ್ಯವಾಗಿ ಸಾಕು. ಶಾಫಿಯಲ್ಲಿ ಜನ ದಿನಾ ಉಣ್ಣುವ ಧಾನ್ಯವನ್ನೇ ಕೊಡಬೇಕು. ಹನಫಿಯಲ್ಲಿ ಸಾಅ್ ಅಳತೆಯೇ ದೊಡ್ಡದು, ಗೋಧಿಯಾದರೆ ಅರ್ಧ ಸಾಅ್, ಸುಮಾರು 1.6ರಿಂದ 1.75 ಕೆಜಿ, ಬೆಲೆಯನ್ನು ಹಣವಾಗಿಯೂ ಕೊಡಬಹುದು. ಈದ್ ನಮಾಜಿಗೆ ಮೊದಲು ಬಡವರ ಕೈ ಸೇರಬೇಕು. ನಮಾಜಿನ ನಂತರ ಕೊಟ್ಟದ್ದು ಸಾಮಾನ್ಯ ಸದಕಾ (ದಾನ) ಎಂದು ಹದೀಸ್‌ನಲ್ಲಿದೆ. ಈದ್ಗಾದ ಬಾಗಿಲಲ್ಲಿ ನಿಂತು ಕೊಟ್ಟರೆ ಪಡೆದವರ ಮನೆಯಲ್ಲಿ ಹಬ್ಬದಡುಗೆ ಆಗುವುದಾದರೂ ಯಾವಾಗ? ಒಂದೆರಡು ದಿನ ಮುಂಚೆಯೇ ತಲುಪಿಸಿ.

ಈದ್ ಬೆಳಗ್ಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಬೆಸ ಸಂಖ್ಯೆಯ ಖರ್ಜೂರ ತಿಂದು ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳುತ್ತ ಹೊರಡಿ. ಬರುವಾಗ ಬೇರೆ ದಾರಿ ಹಿಡಿಯುವುದು ಸುನ್ನತ್. ಅಜಾನ್, ಇಕಾಮತ್ ಎರಡೂ ಇಲ್ಲ. ಎರಡು ರಕಅತ್ (ನಮಾಜಿನ ಸುತ್ತು), ಖುತುಬಾ (ಪ್ರವಚನ) ನಮಾಜಿನ ನಂತರ. ಸಲಾಂ ಹೇಳಿದ ಕೂಡಲೇ ಎದ್ದು ಆಲಿಂಗನಕ್ಕೆ ಹೊರಡದೆ ಅದನ್ನು ಕೇಳಿ. ಹನಫಿ ಕ್ರಮದಲ್ಲಿ ಹೆಚ್ಚುವರಿ ತಕ್ಬೀರ್ ಆರು: ಮೊದಲ ರಕಅತ್‌ನಲ್ಲಿ ಓದುವ ಮುಂಚೆ ಮೂರು, ಎರಡನೆಯದರಲ್ಲಿ ಓದಿದ ಮೇಲೆ ಮೂರು. ಎರಡನೆಯ ರಕಅತ್‌ನಲ್ಲೇ ಸಾಲಿಗೆ ಸಾಲೇ ತಬ್ಬಿಬ್ಬಾಗುವುದು. ಓದು ಮುಗಿದ ತಕ್ಷಣದ ತಕ್ಬೀರಿಗೆ ರುಕೂ ಎಂದು ಬಾಗಬೇಡಿ. ಮೂರಕ್ಕೂ ಕೈ ಎತ್ತಿ ಇಳಿಬಿಡಿ, ನಾಲ್ಕನೆಯದಕ್ಕೆ ಬಾಗಿ. ಶಾಫಿಯಲ್ಲಿ ಮೊದಲನೆಯದರಲ್ಲಿ ಏಳು, ಎರಡನೆಯದರಲ್ಲಿ ಐದು, ಎರಡೂ ಓದುವ ಮುಂಚೆಯೇ. ಇಮಾಂ ಯಾವ ಕ್ರಮದವರೆಂದು ಮೊದಲೇ ವಿಚಾರಿಸಿಕೊಳ್ಳಿ.

ಈದ್ ದಿನ ರೋಜಾ ಹಿಡಿಯುವುದು ಹರಾಮ್. ಶವ್ವಾಲ್‌ನ (ರಂಜಾನ್ ನಂತರದ ತಿಂಗಳು) ಆರು ಐಚ್ಛಿಕ ರೋಜಾಗಳನ್ನಾಗಲಿ, ಉಳಿದ ಕಜಾವನ್ನಾಗಲಿ ಶವ್ವಾಲ್ 2ರಿಂದ ಶುರುಮಾಡಬಹುದು. ಆರನ್ನೂ ಒಂದರ ಹಿಂದೊಂದು ಹಿಡಿಯಬೇಕೆಂದಿಲ್ಲ, ಆ ತಿಂಗಳೊಳಗೆ ಮುಗಿದರಾಯಿತು.