ಬೌನ್ಸರಿನಲ್ಲಿ ನಿದ್ದೆ ಬೇಡ, ತಂಗಿ

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಈಗ ಮೂರೂವರೆ ತಿಂಗಳು. ಚೊಚ್ಚಲ ಮಗು. ಇವನ ಅಪ್ಪ ಶಾರ್ಜಾದಲ್ಲಿದ್ದಾರೆ. ಕಳೆದ ತಿಂಗಳು ರಜೆಯಲ್ಲಿ ಬಂದಾಗ ಒಂದು ಬೌನ್ಸರ್ ತಂದರು. ಬಟ್ಟೆಯ ಸೀಟು, ಕೆಳಗೆ ಬಾಗಿದ ಕಂಬಿ. ಮಗು ಕಾಲು ಬಡಿದರೆ ಸೀಟು ತಾನಾಗಿ ಕುಣಿಯುತ್ತದೆ. ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ ಇಬ್ಬರೇ. ಅಡಿಗೆ, ಹಟ್ಟಿ ಕೆಲಸ, ಅಂಗಳದಲ್ಲಿ ಅಡಕೆ. ಹಾಗಾಗಿ ದಿನಕ್ಕೆ 3–4 ಗಂಟೆ ಅವನು ಅದರಲ್ಲೇ ಇರುತ್ತಾನೆ. ಹಾಲು ಕಕ್ಕುತ್ತಾನೆ ಎಂದು ಕುಡಿಸಿದ ಕೂಡಲೇ ಅದರಲ್ಲಿ ಒರಗಿಸುತ್ತೇನೆ. ಅಲ್ಲೇ ನಿದ್ದೆ ಹೋಗುತ್ತಾನೆ. ಬೆನ್ನು ಬಾಗುತ್ತದೆ, ಮಿದುಳು ಅಲುಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಕಾಲು ಗಟ್ಟಿಯಾಗಿ ಬೇಗ ನಡೆಯುತ್ತಾನೆ ಎಂದು ನಾದಿನಿ ಹೇಳುತ್ತಾಳೆ. ಈಚೆಗೆ ತಲೆಯ ಹಿಂದೆ ಬಲಗಡೆ ಸ್ವಲ್ಪ ಚಪ್ಪಟೆಯಾದ ಹಾಗೆ ಕಾಣುತ್ತಿದೆ. ಯಾರ ಮಾತು ಸರಿ?
— ಒಬ್ಬ ತಾಯಿ, ಪೆರ್ಲ

ಉತ್ತರ: ತಂಗಿ, ಉಳಿದ ಮಾತು ಆಮೇಲೆ. ಮೊದಲು ಒಂದು ವಿಷಯ. ಇವತ್ತಿನಿಂದಲೇ ಬೌನ್ಸರಿನಲ್ಲಿ ನಿದ್ದೆ ಮಾಡಿಸಬೇಡ. ಅಲ್ಲಿ ಕಣ್ಣು ಮುಚ್ಚಿದರೆ ಎತ್ತಿ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸು. ಎತ್ತಿದರೆ ಎಚ್ಚರವಾಗುತ್ತಾನೆ ಎಂದು ಬಿಡಬೇಡ. ಎಚ್ಚರವಾದರೆ ಆಗಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಎಳೆ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆಗೆ ಇನ್ನೂ ಬಲ ಬಂದಿಲ್ಲ. ಒರಗಿದ ಸೀಟಿನಲ್ಲಿ ನಿದ್ದೆ ಹತ್ತಿದಾಗ ತಲೆ ಮುಂದೆ ಜೋತು ಬಿದ್ದು ಗಲ್ಲ ಎದೆಗೆ ತಾಗುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ಮಡಚಿಕೊಂಡರೆ ನೀರು ನಿಲ್ಲುವುದಿಲ್ಲವಾ, ಹಾಗೆಯೇ ಉಸಿರಿನ ದಾರಿ ಕಟ್ಟುತ್ತದೆ. ಮಗು ಅಳುವುದಿಲ್ಲ, ಒದ್ದಾಡುವುದೂ ಇಲ್ಲ. ಒಲೆಯ ಮುಂದೆ ಇರುವ ನಿನಗೆ ಮಗು ಒಳ್ಳೆ ನಿದ್ದೆಯಲ್ಲಿದೆ ಅಂತಲೇ ಅನಿಸುತ್ತದೆ. ಅಮೆರಿಕದಲ್ಲಿ ಓರೆಯಾಗಿ ಮಲಗಿಸುವ ಸಾಧನಗಳಲ್ಲಿ ಹೀಗೆ ಮಕ್ಕಳು ತೀರಿಕೊಂಡ ಮೇಲೆ, 2022ರಲ್ಲಿ 10 ಡಿಗ್ರಿಗಿಂತ ಜಾಸ್ತಿ ಓರೆ ಇರುವ ಮಲಗಿಸುವ ಸಾಧನಗಳನ್ನು ಕಾನೂನು ಮಾಡಿ ನಿಷೇಧಿಸಿದರು. ಬೌನ್ಸರ್ ಮಲಗಿಸಲು ಮಾಡಿದ್ದಲ್ಲ, ಆದ್ದರಿಂದ ಆ ನಿಷೇಧದಲ್ಲಿ ಸೇರಿಲ್ಲ. ಆದರೆ ಅದರ ಓರೆ 10 ಡಿಗ್ರಿಗಿಂತ ಎಷ್ಟೋ ಜಾಸ್ತಿ. ಅದರಲ್ಲಿ ನಿದ್ದೆ ಬಂದರೆ ಅಪಾಯ ಅದೇ.

ಸೀರೆ ಕಟ್ಟಿದ ತೊಟ್ಟಿಲಿಗೂ ಇದೇ ಮಾತು ಹೇಳುತ್ತೇನೆ. ಅತ್ತೆಯವರಿಗೆ ಬೇಸರ ಆಗಬಾರದು. ಸೀರೆಯೊಳಗೆ ಮಗು ಬಿಲ್ಲಿನ ಹಾಗೆ ಬಾಗಿ ಗಲ್ಲ ಎದೆಗೆ ಬರುತ್ತದೆ. ಸೂರಿನ ಕೊಕ್ಕೆಗೆ ಸ್ಪ್ರಿಂಗ್ ಹಾಕಿ ತೂಗುವುದು ಇನ್ನೂ ಬೇಡ. ಅಡಿ ಸಮತಟ್ಟಾಗಿರುವ ಮರದ ತೊಟ್ಟಿಲಾದರೆ ಅಡ್ಡಿಯಿಲ್ಲ.

ಇನ್ನು ಅತ್ತೆಯ ಹೆದರಿಕೆ. ಬೆನ್ನೆಲುಬು ಬಾಗುವುದಿಲ್ಲ. ಮಗು ತಾನೇ ಕಾಲು ಬಡಿದು ಕುಣಿಯುವುದರಿಂದ ಮಿದುಳಿಗೂ ಏನೂ ಆಗುವುದಿಲ್ಲ. ಅಳು ನಿಲ್ಲಲಿಲ್ಲ ಎಂದು ದೊಡ್ಡವರು ಮಗುವನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿದರೆ ಮಾತ್ರ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಅದನ್ನು ಯಾರೂ, ಎಷ್ಟೇ ಸುಸ್ತಾಗಿದ್ದರೂ, ಮಾಡಬಾರದು. ನಾದಿನಿಯ ಮಾತೂ ಸರಿಯಲ್ಲ. ಬೌನ್ಸರಿನಲ್ಲಿ ಕುಣಿದ ಮಗು ಬೇಗ ನಡೆಯುವುದಿಲ್ಲ.

ನಡಿಗೆ ಶುರುವಾಗುವುದು ಕಾಲಿನಿಂದ ಅಲ್ಲ, ಕುತ್ತಿಗೆಯಿಂದ. ನಾನು ಮಕ್ಕಳ ಫಿಸಿಯೋಥೆರಪಿ ಮಾಡುತ್ತಾ 26 ವರ್ಷವಾಯಿತು. ಅದರಲ್ಲಿ ಕೆಲವು ವರ್ಷ ನಿಮ್ಮ ಎಣ್ಮಕಜೆ ಕಡೆಯ ಎಂಡೋಸಲ್ಫಾನ್ ಬಾಧಿತ ಮಕ್ಕಳ ಜೊತೆ ಕಳೆದೆ. 6 ವರ್ಷದ ಒಬ್ಬ ಹುಡುಗ ಚಾಪೆಯ ಮೇಲೆ ಕವುಚಿ ಮಲಗಿ, ತಲೆ ಎತ್ತಿ ಅಮ್ಮನ ಮುಖ ನೋಡಿದ. ನಾಲ್ಕೈದು ಸೆಕೆಂಡು ಅಷ್ಟೇ. ಆ ತಾಯಿ ಅತ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತಲೆ ಎತ್ತುವುದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಕಲಿಸಿದ್ದು ಆ ಚಾಪೆ.

ಕವುಚಿ ಮಲಗಿದ ಮಗು ತಲೆ ಎತ್ತಲು ಹೆಣಗುತ್ತದೆ. ಕುತ್ತಿಗೆ ಬಲಿಯುತ್ತದೆ, ಆಮೇಲೆ ಹೆಗಲು, ಆಮೇಲೆ ಬೆನ್ನು. ಅಂಗೈ ಊರುತ್ತದೆ, ಮುಷ್ಟಿ ಬಿಚ್ಚುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಭಾರ ಹಾಕಲು ಕಲಿಯುತ್ತದೆ. ಮುಂದೆ ಮಗುಚುವುದು, ಕೂರುವುದು, ಅಂಬೆಗಾಲಿಡುವುದು ಎಲ್ಲಾ ಇದರಿಂದಲೇ. ಬೌನ್ಸರಿನಲ್ಲಿ ಬೆಲ್ಟು ಹಾಕಿ ಒರಗಿಸಿದರೆ ಈ ಯಾವ ಕೆಲಸವೂ ಇಲ್ಲ. ಸೀಟು ಮಗುವಿಗೆ ಕೆಡುಕು ಮಾಡುತ್ತದೆ ಎಂದಲ್ಲ, ನೆಲದ ಮೇಲೆ ಇರಬೇಕಾದ ಹೊತ್ತನ್ನು ತಿನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಹರಿದಾಡದ ಮಗು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಕವುಚಿ ಮಲಗಬೇಕು, ಒಮ್ಮೆಗೆ 1 ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಬೌನ್ಸರಿನಲ್ಲಿ ಕೂರಿಸಲು ನನ್ನ ಲೆಕ್ಕ ಇನ್ನೂ ಕಡಿಮೆ. ಒಮ್ಮೆಗೆ 15–20 ನಿಮಿಷ, ದಿನಕ್ಕೆ ಎರಡು ಸಲ. ಒಗ್ಗರಣೆ ಹಾಕುವಾಗ, ನೀನು ಸ್ನಾನಕ್ಕೆ ಹೋದಾಗ ಅತ್ತೆ ಎದುರಿಗೆ ಕೂತಿರುವಾಗ. ಅಷ್ಟಕ್ಕೆ ಬೌನ್ಸರ್ ಒಳ್ಳೆಯ ಸಹಾಯ. ಇವನ ಅಪ್ಪ ಆಸೆಯಿಂದ ತಂದಿದ್ದನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ.

ಕವುಚಿ ಮಲಗಿಸಿದರೆ ಅಳುತ್ತಾನೆ ಎನ್ನುತ್ತೀಯಾ? ಮೊದಮೊದಲು ಎಲ್ಲಾ ಮಕ್ಕಳೂ ಅಳುತ್ತಾರೆ. 2 ನಿಮಿಷದಿಂದ ಶುರು ಮಾಡು. ಹಿಂದೆ ನಮ್ಮ ಅಜ್ಜಿಯಂದಿರು ಮಣೆ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಕವುಚಿ ಹಾಕಿ ಎಣ್ಣೆ ತಿಕ್ಕುತ್ತಿದ್ದರು ಅಲ್ವಾ? ಅದೂ ಇದೇ ಅಭ್ಯಾಸ. ಈ ಕೆಲಸವನ್ನು ಅತ್ತೆಗೆ ಒಪ್ಪಿಸು, ಖುಷಿಯಿಂದ ಮಾಡುತ್ತಾರೆ. ಉಳಿದ ಹೊತ್ತು ಚಾವಡಿಯಲ್ಲಿ ಚಾಪೆ ಹಾಸಿ, ಮೇಲೊಂದು ದಪ್ಪ ಬಟ್ಟೆ ಹಾಕಿ ಮಲಗಿಸಿ. ಎದುರಿಗೆ ಒಂದು ಸ್ಟೀಲ್ ಲೋಟ ಇಡಿ, ಹೊಳೆಯುವುದನ್ನು ನೋಡಲು ತಲೆ ಎತ್ತುತ್ತಾನೆ. ಕುಡಿಸಿದ ಕೂಡಲೇ ಬೇಡ. ಒಬ್ಬರು ಪಕ್ಕದಲ್ಲೇ ಇರಬೇಕು. ನಿದ್ದೆ ಬಂತೋ, ಅಂಗಾತ.

ಹಾಲು ಕಕ್ಕುವುದಕ್ಕೂ ಬೌನ್ಸರ್ ಮದ್ದಲ್ಲ. ಅದರಲ್ಲಿ ಮೈ ಮಡಚಿ ಹೊಟ್ಟೆ ಒತ್ತುತ್ತದೆ, ಕಕ್ಕುವುದು ಜಾಸ್ತಿಯೇ ಆಗಬಹುದು. ಹೆಗಲ ಮೇಲೆ ನೆಟ್ಟಗೆ 15–20 ನಿಮಿಷ ಎತ್ತಿಕೋ.

ತಲೆ ಚಪ್ಪಟೆ ಆಗಿರುವುದನ್ನು ನೋಡಿ ಗಾಬರಿ ಬೇಡ, ಆದರೆ ಸುಮ್ನೆ ಬಿಡಲೂ ಬೇಡ. ಉರುಟಾಗಲಿ ಎಂದು ದಿಂಬು ಇಡಬೇಡ. ಮಗು ಬೆಳಕಿನ ಕಡೆಗೆ, ನಿನ್ನ ದನಿಯ ಕಡೆಗೆ ತಿರುಗುತ್ತದೆ. ಒಂದು ದಿನ ತಲೆ ಇಟ್ಟ ಕಡೆ ಮರುದಿನ ಕಾಲು ಬರುವ ಹಾಗೆ ಮಲಗಿಸು, ಆಗ ಕಿಟಕಿ ನೋಡಲು ಇನ್ನೊಂದು ಕಡೆ ತಿರುಗಲೇಬೇಕು. ಎಡಕ್ಕೂ ಬಲಕ್ಕೂ ಸಮನಾಗಿ ಕತ್ತು ತಿರುಗಿಸುತ್ತಾನಾ ಎಂದೂ ನೋಡು. ಒಂದೇ ಕಡೆ ಬಿಗಿ ಇದ್ದರೆ ಕುತ್ತಿಗೆಯ ಸ್ನಾಯು ಬಿಗಿದಿರಬಹುದು. ಅದಕ್ಕೆ ವ್ಯಾಯಾಮವಿದೆ, ಬೇಗ ಶುರು ಮಾಡಿದಷ್ಟೂ ಬೇಗ ಸರಿಯಾಗುತ್ತದೆ. 14 ವಾರದ ಲಸಿಕೆಗೆ ಹೋಗಿ ಬಂದಾಗಿರಬಹುದು. ಇನ್ನೊಂದು ಲಸಿಕೆಗೆ ಕಾಯಬೇಡ, ಈ ವಾರವೇ ಡಾಕ್ಟರಿಗೆ ತೋರಿಸು. 4 ತಿಂಗಳು ತುಂಬಿದ ಮೇಲೂ ಎತ್ತಿಕೊಂಡಾಗ ತಲೆ ನಿಲ್ಲದಿದ್ದರೂ ತೋರಿಸಬೇಕು.

ಇನ್ನೊಂದು. ಬೌನ್ಸರ್ ಯಾವಾಗಲೂ ನೆಲದ ಮೇಲೆ. ನನ್ನ ಮೊಮ್ಮಗಳನ್ನು ನಾನೇ ಒಮ್ಮೆ ಬೌನ್ಸರ್ ಸಮೇತ ಚಾವಡಿಯ ಬೆಂಚಿನ ಮೇಲೆ ಇಟ್ಟಿದ್ದೆ. ಕಾಲು ಬಡಿದು ಬಡಿದು ಸೀಟು ಅಂಚಿಗೆ ಸರಿದು ಬಂದಿತ್ತು. ಫೋನು ಎತ್ತಲು ಹೋದವಳು ತಿರುಗಿ ನೋಡಿದ್ದರಿಂದ ಮಗು ಉಳಿಯಿತು. ಆ ದಿನ ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ. ಮೆತ್ತನೆಯ ಮಂಚದ ಮೇಲೂ ಇಡಬೇಡ, ಸೀಟು ಮಗುಚಿದರೆ ಮುಖ ಹಾಸಿಗೆಯಲ್ಲಿ ಹೂತುಹೋಗುತ್ತದೆ. ಪ್ರತಿ ಸಲವೂ ಬೆಲ್ಟು ಹಾಕು. ಎದ್ದು ಕೂರಲು ತಿಣುಕತೊಡಗಿದ ದಿನ ಬೌನ್ಸರಿನ ಕೆಲಸ ಮುಗಿಯಿತು.

ಪ್ರಶ್ನೆ: ಮೊಮ್ಮಗಳಿಗೆ 8 ತಿಂಗಳು. ಚಕ್ರದ ವಾಕರ್ ತಂದಿದ್ದೇವೆ. ಕೂರಿಸಬಹುದಾ?
— ಅಜ್ಜಿ, ಮಂಜೇಶ್ವರ

ಉತ್ತರ: ಬೇಡ ಅಮ್ಮಾ. ವಾಕರಿನಲ್ಲಿ ಮಗು ಒಂದು ಸೆಕೆಂಡಿನಲ್ಲಿ 3 ಅಡಿ ದಾಟುತ್ತದೆ, ಓಡಿದರೂ ನಮ್ಮ ಕೈಗೆ ಸಿಗುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಜಗಲಿಗೆ ಮೆಟ್ಟಿಲು, ಅಡಿಗೆ ಮನೆಯಲ್ಲಿ ಬಿಸಿ ಗಂಜಿ. ಕೆನಡಾದಲ್ಲಿ 2004ರಿಂದ ಇದನ್ನು ಮಾರುವುದೇ ಅಪರಾಧ. ಇದರಿಂದ ನಡಿಗೆ ಬೇಗ ಬರುವುದೂ ಇಲ್ಲ, ತುದಿಗಾಲಲ್ಲಿ ತಳ್ಳುವ ಅಭ್ಯಾಸ ಆಗುತ್ತದೆ. ನೆಲದಲ್ಲಿ ಹರಿದಾಡಲು ಬಿಡಿ, ಗಟ್ಟಿ ಸ್ಟೂಲು ಹಿಡಿದು ಎದ್ದು ನಿಲ್ಲಲಿ. ವಾಕರನ್ನು ಪಕ್ಕದ ಮನೆಯವರಿಗೂ ಕೊಡಬೇಡಿ. ಚಕ್ರ ಕಳಚಿ ಗುಜರಿಗೆ ಹಾಕಿ.