ಮರಾಠಿ ಖಾಲಿ, ಕನ್ನಡ ಖಾಲಿ

ನೀವು ಮೈಸೂರಿಂದ ಪುಣೆಕ್ಕ ಬಂದು ಎಂಟ್ ತಿಂಗಳಾತು ಅಂದ್ರಿ, ಧನಕವಡಿ ಕಡೆ ಮನಿ, ಮುಂಜಾನಿ ವಾಕಿಂಗ್ ಹೊಂಟಾಗ ರಸ್ತಾ ಗುಡಸೋ ಹೆಣ್ಮಕ್ಕಳು "ಯಕ್ಕಾ, ಆ ಮೂಲ್ಯಾಗ ಇನ್ನಾ ಉಳದೈತಿ ನೋಡ" ಅಂತ ಕನ್ನಡದಾಗ ಒದರೋದು ಕೇಳಿ ನಿಂತಬಿಟ್ರಿ. ಇವ್ರು ಎಲ್ಲಿಯವ್ರು, ಇವ್ರ ಮ್ಯಾಲ ಮುಕಾದಮ ಅಂತ ಒಬ್ಬ ಇರ್ತಾನಲ್ಲ ಅಂವ ಏನ್ ಮಾಡ್ತಾನ ಅಂತ ಕೇಳಿದ್ರಿ. ನಾನು ಅದ ಕೆಲಸದಾಗ ಹನ್ನೊಂದ ವರ್ಷದಿಂದ ಅದೀನಿ, ಅದಕ್ಕ ಹೇಳತೀನಿ. ಉದ್ದ ಆಗ್ತೈತಿ, ಸಾವಕಾಶ ಓದ್ರಿ.

ನಮ್ದು ಜತ್ತ ತಾಲೂಕ, ಸಾಂಗ್ಲಿ ಜಿಲ್ಲಾ. ಸರ್ಕಾರ ಮಹಾರಾಷ್ಟ್ರದ್ದು, ಮನ್ಯಾಗ ಕನ್ನಡ. ನಾ ಕಲತದ್ದು ಜಿಲ್ಲಾ ಪರಿಷದ್‌ದ ಕನ್ನಡ ಸಾಲ್ಯಾಗ, ಸಾತಬಾರಾ ಉತಾರ, ಅಂದ್ರ ಹೊಲದ ಪಹಣಿ, ಬರೋದು ಮರಾಠ್ಯಾಗ, ಸಂತಿಗೆ ಹೋಗೋದು ವಿಜಯಪುರ ಕಡೆ. ಮಳಿ ಕಡಿಮಿ ನಮ್ಮ ಕಡೆ, ಜ್ವಾಳ ಬಂದ್ರ ಬಂತು, ಇಲ್ಲಾಂದ್ರ ಕಬ್ಬ ಕಡಿಯಾಕ, ಇಟ್ಟಂಗಿ ಭಟ್ಟಿಗೆ, ಇಲ್ಲಾ ಪುಣೆಕ್ಕ. ಅಕ್ಕಲಕೋಟ, ಅಫಜಲಪುರ, ಇಂಡಿ, ಆಳಂದ ಕಡೇದವ್ರೂ ಹಂಗ ಬಂದವ್ರು. ಮೊದಲ ಒಬ್ರು ಬರ್ತಾರ, ಅವ್ರು ತಂಗಿನ್ನ ಕರಸ್ತಾರ, ತಂಗಿ ನಾದಿನಿನ್ನ ಕರಸ್ತಾಳ, ಹತ್ತ ವರ್ಷದಾಗ ಒಂದ ಗಲ್ಲಿ ತುಂಬ ನಮ್ಮ ಮಂದಿ. ನನ್ನ ಕೈಯಾಗ ಈಗ ಮೂವತ್ತೆರಡ ಜನ ಅದಾರ, ಅದರಾಗ ಹತ್ತೊಂಬತ್ತ ಮಂದಿ ಮನ್ಯಾಗ ಕನ್ನಡ ಮಾತಾಡ್ತಾರ. ಎಲ್ಲಾರೂ ಠೇಕೇದಾರನ, ಅಂದ್ರ ಗುತ್ತಿಗೆದಾರನ, ಕಡೆಯವ್ರು, ನಾನೂ ಅಷ್ಟ.

ಒಂದ ಮಾತ ಮೊದಲ ಬಿಡಿಸಿ ಹೇಳ್ತೀನಿ, ಯಾಕಂದ್ರ ಹೊಸಬ್ರು ಎಲ್ಲಾರನ್ನೂ ಒಂದ ಅಂತ ತಿಳಿತಾರ. ನಿಮ್ಮ ಬಾಗಲಕ್ಕ ಬಂದು ಬಕೆಟ್ ಇಸಗೊಂಡ ಹೋಗೋರು ಬಾಳ ಕಡೆ ಸ್ವಚ್ಛ ಅನ್ನೋ ಸಹಕಾರಿ ಸಂಸ್ಥಾದವ್ರು. ಕಸಾ ಆಯೋ ಹೆಣ್ಮಕ್ಕಳು 1993ರಾಗ ಪುಣೆದಾಗ ಸಂಘಟನಾ ಕಟ್ಟಿದ್ರು, ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ ಅಂತ, ಅದರೊಳಗಿಂದ ಆಮ್ಯಾಲ ಈ ಸಂಸ್ಥಾ ಹುಟ್ಟಿದ್ದು. ನೀವು ತಿಂಗಳಾ ಕೊಡೋ ರೊಕ್ಕಾ, ಒಣಾ ಕಸದಾಗಿನ ಭಂಗಾರ, ಅಂದ್ರ ಗುಜರಿ ಸಾಮಾನ, ಮಾರಿದ್ದು, ಅದ ಅವ್ರ ಗಳಿಕಿ. ನಮ್ದು ಬ್ಯಾರೆ. ನಾವು ರಸ್ತಾ ಗುಡಸೋದು, ಗಟಾರ, ರಸ್ತಾ ಬಾಜೂಕ ಮಂದಿ ಒಗದ ಹೋಗೋ ಕಸದ ಗುಂಪಿ ತಗಿಯೋದು, ಮಳಿಗಾಲದಾಗ ಚೋಕಪ್, ಅಂದ್ರ ಕಟ್ಟಿಕೊಂಡ ಗಟಾರ, ಬಿಡಸೋದು.

ಹಾಜರಿ ನಡಿಯೋ ಜಾಗಾಕ್ಕ ಇಲ್ಲಿ ಆರೋಗ್ಯ ಕೋಠಿ ಅಂತಾರ. ನಮ್ದು ಪತ್ರಾ ಹಾಕಿದ ಒಂದ ಖೋಲಿ, ಒಳಗ ಖರಾಟಾ ಅಂದ್ರ ಕಸಬರಿಗಿ, ಫಾವಡಾ, ಪಂಜಾ, ಘಮೇಲಾ, ಬ್ಲೀಚಿಂಗ್ ಪೌಡರಿನ ಚೀಲ. ಆರಕ್ಕ ಹಾಜರಿ. ಯಾರಿಗೆ ಯಾವ ಬೀಟ್, ಅಂದ್ರ ಯಾವ ರಸ್ತಾ, ಅಂತ ನಾ ಓದತೀನಿ, ಅಲ್ಲೇ ನನ್ನ ಕೆಲಸದ ಅರ್ಧಾ ಮುಗೀತು ಅಂತ ತಿಳೀರಿ. ಮಂಡಿ, ಅಂದ್ರ ಕಾಯಿಪಲ್ಯೆ ಮಾರ್ಕೆಟ್ಟಿನ, ಬೀಟ್ ಯಾರಿಗೂ ಬ್ಯಾಡ, ಕೊಳತ ಕೋತಂಬ್ರಿ, ಕೋಬಿ ಎಲಿ, ನೀರ ಹಿಡದ ತಟ್ಟಿನ ಚೀಲ, ಎತ್ತಿದ್ರ ಕಲ್ಲಿನಂಗ ಒಜ್ಜಿ. ಬಂಗಲೆ ಸಾಲಿನ ಬೀಟ್ ಎಲ್ಲಾರಿಗೂ ಬೇಕು. ನಮ್ಮ ಕಡೆಯವ್ರಿಗೆ ಹಗರ ಬೀಟ್ ಕೊಟ್ಟು ಉಳದವ್ರಿಗೆ ಮಂಡಿ ಹಾಕಿದ್ರ ನಾಳೆಯಿಂದ ನನ್ನ ಮಾತ ಯಾರೂ ಕೇಳಂಗಿಲ್ಲ, ಅದಕ್ಕ ಹದಿನೈದ ದಿನಕ್ಕ ಒಮ್ಮೆ ತಿರಗಸ್ತೀನಿ, ಮೊಣಕಾಲ ಬ್ಯಾನಿ ಇದ್ದಾಕಿಗೆ ಮಾತ್ರ ಕಾತ್ರಜ ಕಡೆ ಏರು ರಸ್ತಾ ಹಾಕಂಗಿಲ್ಲ. ರಜಾದ ಲೆಕ್ಕಾನೂ ನಂದ. ಛಟ್ಟಿ ಅಮವಾಸಿಗೆ ಗುಡ್ಡಾಪುರ ದಾನಮ್ಮನ ಜಾತ್ರಿ ಬಂತಂದ್ರ ಹತ್ತ ಮಂದಿ ಒಮ್ಮೆಲೆ ಊರಿಗೆ ಹೊಂಟ ನಿಲ್ಲತಾರ, ಬ್ಯಾಡ ಅನ್ನಾಕ ನನ್ನ ಬಾಯಿ ಬರಂಗಿಲ್ಲ, ನಮ್ಮವ್ವನೂ ನಡಕೊಂತ ಹೋಗಾಕಿ ಅಲ್ಲಿಗೆ. ಅದಕ್ಕ ದಿವಾಳ್ಯಾಗ ಮರಾಠಿ ಮಂದಿಗೆ ಮೊದಲ ರಜಾ ಬರೀತೀನಿ, ಜಾತ್ರ್ಯಾಗ ಅವ್ರು ನಮ್ಮವ್ರ ಬೀಟ್ ಎಳೀತಾರ. ಇಷ್ಟ ವರ್ಷದಾಗ ಒಂದ ಸಲಾನೂ ಇದರಾಗ ಜಗಳಾ ಆಗಿಲ್ಲ.

ಈಗ ನಾ ಖರೇ ಹೇಳಬೇಕಾದದ್ದಕ್ಕ ಬರ್ತೀನಿ. ಮುಕಾದಮ ಅಂದ್ರ ಬೈಯಾಂವ ಅಂತ ಮಂದಿ ತಿಳದಾರ. ನನಗ ತಿಳದಂಗ ಅಂವ ಮಾತ ದಾಟಸಾಂವ. ಆಫೀಸಿನ ಹುಕುಂ ಮರಾಠ್ಯಾಗ ಬರ್ತೈತಿ, ಸೊಸೈಟಿ ಚೇರ್‌ಮನ್ ಹಿಂದ್ಯಾಗ ಮಾತಾಡ್ತಾನ, ಕೆಲಸಾ ಮಾಡಾಕಿ ಕನ್ನಡದಾಕಿ. ನಡಕ ನಾ ಒಬ್ಬ. ಈ ದಾಟಿಸೋದರಾಗ ಒಂದ ಶಬ್ದ ಜಾರಿದ್ರ ಜೀವ ಹೋಗ್ತೈತಿ, ಇದನ್ನ ನಾ ಕಣ್ಣಾರೆ ನೋಡೀನಿ.

ನಾಕೈದ ವರ್ಷದ ಹಿಂದ, ಜೂನ್ ತಿಂಗಳು, ಮೊದಲನೇ ದೊಡ್ಡ ಮಳಿ. ಒಂದ ಕಾಯಿಪಲ್ಯೆ ಮಾರ್ಕೆಟ್ಟಿನ ಹಿಂದಿನ ಬೋಳದಾಗ, ಅಂದ್ರ ಸಣ್ಣ ಸಂದ್ಯಾಗ, ಗಟಾರದ ಚೇಂಬರ್ ತುಂಬಿ ಹೊಲಸ ನೀರ ರಸ್ತಾಕ್ಕ ಬಂದಿತ್ತು. ನೀರಿನ ಜೋರಿಗೆ ಚೋಕಪ್ ಒಡಿಯೋ ಜೆಟ್ಟಿಂಗ್ ಗಾಡಿ ಆ ಬೋಳದಾಗ ಹೋಗಂಗಿಲ್ಲ, ಪೈಪ್ ಉದ್ದ ಮಾಡಿ ತರಬೇಕು, ಅದಕ್ಕ ನಾ ಗಾಡಿ ಕಡೆ ಹೋಗಿದ್ದೆ. ಅಫಜಲಪುರ ಕಡೆಯ ಒಬ್ಬ ಹುಡುಗ ಬಂದು ಎರಡನೇ ವಾರ, ಹತ್ತೊಂಬತ್ತ ವರ್ಷದಾಂವ, ಮುಚ್ಚಳದ ಹತ್ರ ನಿಂತಿದ್ದ. ಅಂಗಡಿಯಾಂವ ಒಬ್ಬ ಐನೂರ ರೂಪಾಯಿ ನೋಟ ತೋರಿಸಿ ಒಳಗ ಇಳಿ ಅಂತ ಕೈ ಮಾಡಿದ. ನಾ ಬೋಳದ ಆ ತುದಿಯಿಂದ ನೋಡ್ದೆ, ಹುಡುಗ ಚಪ್ಪಲ್ ಬಿಟ್ಟು ಅಂಚಿಗೆ ಎರಡೂ ಕೈ ಊರಿ ಒಂದ ಕಾಲ ಒಳಗಿನ ಕಬ್ಬಣದ ಮೆಟ್ಟಲಕ್ಕ ಇಟ್ಟಾನ. ನನಗ ಬಾಯಿಗೆ ಬಂದದ್ದು ದಿನಾ ಆಡೋ ಮರಾಠಿ, "ಖಾಲಿ ಉತರೂ ನಕೋ!" ಅಂತ ಒದರಿದೆ.

ಮರಾಠ್ಯಾಗ ಖಾಲಿ ಅಂದ್ರ ಕೆಳಗ, ಕೆಳಗ ಇಳಿಬ್ಯಾಡ ಅಂತ ನಾ ಹೇಳಿದ್ದು. ನಮ್ಮ ಕನ್ನಡದಾಗ ಖಾಲಿ ಅಂದ್ರ ಬರಿದು. ಉತರಾ ಅನ್ನೋದನ್ನ ಅಂವ ಬಸ್ಸಿನ್ಯಾಗ ಕಂಡಕ್ಟರ್ ಬಾಯಾಗ ಕೇಳಿದ್ದ, ಇಳೀರಿ ಅಂತ ಗೊತ್ತಿತ್ತು. ಕಡೀಗೆ ಅಂದ ನಕೋ ಮಳಿ ಸಪ್ಪಳದಾಗ ಕಿವಿಗೆ ಬೀಳಲಿಲ್ಲ. ಮುಕಾದಮ ಖಾಲಿ ಐತಿ, ಇಳಿ ಅಂತಾನ ಅಂತ ತಿಳದು ನನ್ನ ಕಡೆ ನೋಡಿ ತಲಿ ಆಡಿಸಿ ಎರಡನೇ ಕಾಲೂ ಎತ್ತಿದ. ಆವಾಗ ನನ್ನ ಹೊಟ್ಯಾಗಿಂದ ಕನ್ನಡ ಬಂತು, "ಏ ತಮ್ಮಾ, ಇಳಿಬ್ಯಾಡೋ, ಸಾಯ್ತಿ!" ಹುಡುಗ ಅಲ್ಲೇ ಕಲ್ಲಾದ. ನಾ ಓಡಿ ಹೋಗಿ ರಟ್ಟಿ ಹಿಡದು ಹೊರಗ ಜಗ್ಗಿದೆ, ಅಂವನ ಕೈ ತಣ್ಣಗಿತ್ತು, ನನ್ನ ಕೈ ನಡಗತಿತ್ತು.

ಯಾಕ ಇಷ್ಟ ಅಂಜಬೇಕು ಅಂದ್ರ, ಗಟಾರದಾಗ ಹೊಲಸ ಕೊಳತು ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸ್ ಆಗ್ತೈತಿ. ಸ್ವಲ್ಪ ಇದ್ದಾಗ ಕೆಟ್ಟ ತತ್ತಿ ವಾಸನಿ ಬರ್ತೈತಿ, ಜಾಸ್ತಿ ಆದ್ರ ಮೂಗ ಸತ್ತು ವಾಸನಿ ಬರೋದ ನಿಲ್ಲತೈತಿ. ಹಳಬ್ರು ವಾಸನಿ ಇಲ್ಲ, ಇಳಿಬಹುದು ಅಂತಿದ್ರಲ್ಲ, ಅದು ಎಲ್ಲಾಕಿಂತ ಕೆಟ್ಟ ಮಾತು. ಈ ಗ್ಯಾಸ್ ಗಾಳಿಕಿಂತ ಒಜ್ಜಿ, ತಳದಾಗ ಕುಂದರ್ತೈತಿ, ಬಗ್ಗಿ ರಾಡಿ ತಗಿಯೋ ಮನಷ್ಯಾನ ಮೂಗಿಗೆ ಸಮ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳೀತಾನ, ಅಂವನೂ ಬೀಳ್ತಾನ, ಪೇಪರ್‌ದಾಗ ಇಬ್ರು ಮೂವರು ಒಮ್ಮೆ ಹೋದ ಸುದ್ದಿ ಬರೋದು ಹಿಂಗ. ಅದಕ್ಕ ಮೊದಲ ಮ್ಯಾಲಿನ ಚೇಂಬರ್, ಕೆಳಗಿನ ಚೇಂಬರ್ ಎರಡರ ಮುಚ್ಚಳಾನೂ ತಗದು ಗಾಳಿ ಆಡಾಕ ಬಿಡಬೇಕು, ಗ್ಯಾಸ್ ಮೀಟರ್ ಹಗ್ಗಕ್ಕ ಕಟ್ಟಿ ಇಳಿಬಿಡಬೇಕು. ಬಯಲ ಗಾಳ್ಯಾಗ ಆಕ್ಸಿಜನ್ 20.9 ಪರ್ಸೆಂಟ್ ಇರ್ತೈತಿ, ಮೀಟರಿನ್ಯಾಗ 19.5ಕ್ಕಿಂತ ಕೆಳಗ ಬಂದ್ರ ಬಗ್ಗಿ ನೋಡೋದೂ ಬ್ಯಾಡ. ಕೆಲಸ ಮಾಡಬೇಕಾದದ್ದು ಮಷೀನು, ನೀರಿನ ಜೋರಿಗೆ ಚೋಕಪ್ ಒಡದು ರಾಡಿ ಜಗ್ಗೋ ಗಾಡಿ ಅದಾವ. 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಮಾನ ಇಲ್ದ ಮನಷ್ಯಾನ್ನ ಗಟಾರದಾಗ, ಸೆಪ್ಟಿಕ್ ಟ್ಯಾಂಕಿನ್ಯಾಗ ಇಳಸೋದು ಗುನ್ಹೆ, ಮೊದಲ ಸಲಕ್ಕ ಎರಡ ವರ್ಷದ ತನಕ ಜೈಲು ಇಲ್ಲಾ ಎರಡ ಲಕ್ಷದ ತನಕ ದಂಡ, ಎರಡೂ ಆಗಬಹುದು. ಸತ್ತವ್ರ ಮನಿಗೆ 10 ಲಕ್ಷ ಕೊಡಬೇಕಂತ ಸುಪ್ರೀಂ ಕೋರ್ಟ್ 2014ರಾಗ ಹೇಳಿತ್ತು, 2023ರಾಗ ಅದನ್ನ 30 ಲಕ್ಷ ಮಾಡ್ತು. ನಿಮ್ಮ ಸೊಸೈಟ್ಯಾಗ ಯಾರಾದ್ರೂ ಟ್ಯಾಂಕಿನ್ಯಾಗ ಹುಡುಗನ್ನ ಇಳಸಾಕ ಹತ್ತಿದ್ರ ಅಡ್ಡ ನಿಲ್ರಿ, 14420 ಅಂತ ಸಹಾಯವಾಣಿ ಐತಿ, ಫೋನ್ ಮಾಡ್ರಿ.

ಆ ದಿನ ಆದಮ್ಯಾಲ ನಾ ಶಬ್ದ ಹುಡಕಾಕ ಹತ್ತಿದೆ. ಓಢಾ ಅನ್ನೋದೂ ಅಂಥಾದ್ದ. ಮರಾಠ್ಯಾಗ ಓಢಾ ಅಂದ್ರ ಹಳ್ಳ, ಓಢಾ ಅಂದ್ರ ಜಗ್ಗರಿ ಅಂತಲೂ ಆಗ್ತೈತಿ. ಹಗ್ಗ ಹಿಡದಾಗ ಮರಾಠಿಯಾಂವ ಓಢಾ ಅಂದ್ರ ನಮ್ಮ ಹೊಸಾ ಹುಡುಗರು ಓಡು ಅಂತ ಕೇಳಿ ಹಗ್ಗ ಬಿಟ್ಟು ಓಡಬಹುದು. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ ಕಡೆಯಿಂದ ಹರಿಯೋ ಆಂಬಿಲ್ ಓಢಾ ಒಮ್ಮೆಲೆ ಉಕ್ಕಿ ಗೋಡಿ ಕೆಡವಿ ಮಂದಿ ಮನಿಯೊಳಗ ನುಗ್ಗಿತ್ತು, ಬಾಳ ಮಂದಿ ಹೋದ್ರು. ಮರದಿನ ನಾವು ರಾಡಿ ಎತ್ತಾಕ ಹೋದಾಗ ಗಾಡಿಗೋಳು ಒಂದರ ಮ್ಯಾಲ ಒಂದ ಬಿದ್ದಿದ್ದು, ಗಾದಿ, ಭಾಂಡೆ, ಮಕ್ಕಳ ಪಾಟೀಚೀಲ ಎಲ್ಲಾ ಒಂದ ಬಣ್ಣ. ಹಳ್ಳದಾಗ ರಾಡಾರೋಡಾ, ಅಂದ್ರ ಮನಿ ಒಡದ ಕಲ್ಲುಮಣ್ಣು, ತಂದ ಸುರಿಯೋದು ನೋಡಿದ್ರ ಇವತ್ತಿಗೂ ನನಗ ಆ ದಿನಾ ಕಣ್ಮುಂದ ಬರ್ತೈತಿ.

ಇನ್ನೊಂದು ಗಾಯದ ಮಾತು ಹೇಳ್ತೀನಿ, ಇದು ನಿಮ್ಮ ಕೈಯಾಗಿಂದು. ಉಮದಿ ಕಡೆಯ ಒಬ್ಬಾಕಿ ಅಕ್ಕ, ಕಸದ ಗುಂಪಿ ತುಂಬೋವಾಗ ಕರೇ ಚೀಲ ಎತ್ತಿದ್ಲು. ಮ್ಯಾಲ ಅನ್ನ, ಒಳಗ ಒಡದ ಟ್ಯೂಬ್‌ಲೈಟು. ಹೆಬ್ಬಟ್ಟಿನ ಬುಡದಿಂದ ಅಂಗೈ ತನಕ ಸೀಳಿತ್ತು. ಸೀರಿ ಸೆರಗ ಹರದು ಕಟ್ಟಿಕೊಂಡು ಗಲ್ಲಿ ಮುಗಿಸಿ ಬಂದು ನನಗ ತೋರಿಸಿದ್ಲು, ನಡಕ ಹೋದ್ರ ಅರ್ಧಾ ದಿನದ ಪಗಾರ ಕಡೀತಾರ ಅಂತ ಅಂಜಿಕಿ. ಐದ ಹೊಲಿಗಿ, ಒಂದ ಟಿಟಿ ಇಂಜೆಕ್ಷನ್. ಆಗಿನ ಠೇಕೇದಾರ ಹ್ಯಾಂಡ್‌ಗ್ಲೌಜ್ ಕೊಟ್ಟಿತ್ತಲ್ಲ ಅಂದ. ಕೊಟ್ಟಿದ್ದು ಖರೇ, ಗಂಡಸರ ದೊಡ್ಡ ಸೈಜಿನ ರಬ್ಬರ್, ಹೆಣ್ಮಕ್ಕಳ ಕೈಯಾಗ ಖರಾಟಾ ನಿಲ್ಲಂಗಿಲ್ಲ, ಜಾರ್ತೈತಿ, ಅದಕ್ಕ ಬಿಚ್ಚಿ ಸೊಂಟಕ್ಕ ಸಿಗಸ್ತಾರ. ಈಗ ಗ್ಲೌಜ್ ಬರೋ ಮೊದಲ ಸಣ್ಣ ಸೈಜ್ ಎಷ್ಟ ಬೇಕು ಅಂತ ನಾನ ಬರದು ಕೊಡ್ತೀನಿ, ಬಂದಮ್ಯಾಲ ಒಬ್ಬೊಬ್ಬರ ಕೈಗೆ ಹಾಕಿಸಿ ನೋಡ್ತೀನಿ. ನಿಮ್ಮಿಂದ ಆಗೋದು ಇಷ್ಟ, ಕಾಚು, ಅಂದ್ರ ಗಾಜು, ಒಡದ್ರ ಪೇಪರ್‌ದಾಗ ಸುತ್ತಿ ಮ್ಯಾಲ ಕಾಚ ಅಂತ ಬರದು ಬ್ಯಾರೆ ಇಡ್ರಿ. ಪ್ಯಾಡ್, ಡೈಪರ್ ಪೇಪರಿನ್ಯಾಗ ಸುತ್ತಿ ಮ್ಯಾಲ ಕೆಂಪ ಚುಕ್ಕಿ ಇಡ್ರಿ, ಪುಣೆದಾಗ ಸ್ವಚ್ಛದ ಹೆಣ್ಮಕ್ಕಳು ಹೇಳಿಕೊಟ್ಟ ಪದ್ಧತಿ ಅದು, ಚುಕ್ಕಿ ಕಂಡ್ರ ಅವ್ರು ಬಿಚ್ಚಿ ನೋಡಂಗಿಲ್ಲ. ಹಸಿ, ಒಣಾ ಬ್ಯಾರೆ ಮಾಡೋದು ಸರ್ಕಾರದ ನಿಯಮದಾಗೂ ಐತಿ. ಮೊದಲ ಎಲ್ಲಾ ಕಸಾ ಕೂಡಿ ಉರುಳಿ ದೇವಾಚಿ, ಫುರಸುಂಗಿ ಕಡೆ ಡೇಪೋಕ್ಕ ಹೋಗಿ ಗುಡ್ಡ ಆಗ್ತಿತ್ತು, ಆ ಊರವ್ರ ಬಾವಿ ನೀರ ಕೆಟ್ಟು, ಅವ್ರು ರಸ್ತಾದಾಗ ಕುಂತು ಗಾಡಿ ತಡದ ಮ್ಯಾಲ ಪುಣೆಕ್ಕ ಎಚ್ಚರ ಆದದ್ದು. ಅವ್ರ ಸಿಟ್ಟು ನ್ಯಾಯದ್ದು, ನಾನು ಹಳ್ಳಿಯಾಂವ, ನಮ್ಮ ಬಾವಿಗೆ ಹಿಂಗಾಗಿದ್ರ ನಾವೂ ಕುಂದರತಿದ್ವಿ.

ಆಷಾಢದ ಹೊತ್ತಿಗೆ ಇಲ್ಲೇ ಇದ್ರ ಪಂಢರಪುರಕ್ಕ ಹೋಗೋ ಸಂತರ ಪಾಲಖಿ ನೋಡ್ರಿ. ಜ್ಞಾನೋಬಾ, ತುಕೋಬಾ ಎರಡೂ ಪಾಲಖಿ ಪುಣೆದಾಗ ಎರಡ ರಾತ್ರಿ ನಿಲ್ಲತಾವ, ಒಂದು ಭವಾನಿ ಪೇಠದಾಗ, ಒಂದು ನಾನಾ ಪೇಠದಾಗ, ಕೂಡ ನಡಕೊಂತ ಹೋಗೋ ಭಕ್ತರು, ವಾರಕರಿ ಅಂತಾರ, ಲಕ್ಷಗಟ್ಟಲೆ. ಹೊಂಟ ಮ್ಯಾಲ ರಸ್ತಾ ತುಂಬ ಬಾಳಿಹಣ್ಣಿನ ಸಿಪ್ಪಿ, ದ್ರೋಣ, ಹರದ ಚಪ್ಪಲ್. ಆವಾಗ ಬ್ಯಾರೆ ಏರಿಯಾದವ್ರನ್ನೂ ಕರಸ್ತಾರ, ನಮ್ಮವ್ರು ನಾ ಹೇಳೋಕಿಂತ ಮೊದಲ ಹೆಸರ ಬರಸ್ತಾರ. ಗುಡಸೋಕಿಂತ ಮೊದಲ ಆ ರಸ್ತಾದ ಮಣ್ಣ ಮುಟ್ಟಿ ಹಣಿಗೆ ಹಚ್ಚಿಕೊಳ್ಳತಾರ, ಆಮ್ಯಾಲ ಖರಾಟಾ ಹಿಡೀತಾರ.

ಕೋಠಿ ಗೋಡಿ ಮ್ಯಾಲ ನಾ ಪೇಂಟಿಲೆ ಬರದೀನಿ, ಮರಾಠಿ ಮ್ಯಾಲ, ಕನ್ನಡ ಕೆಳಗ. ಖಾಲಿ ಅಂದ್ರ ಕೆಳಗ. ನಕೋ ಅಂದ್ರ ಬ್ಯಾಡ. ಓಢಾ ಅಂದ್ರ ಜಗ್ಗು. ಮುಕಾದಮ ಎರಡೂ ಕೈ ಎತ್ತಿ ಅಡ್ಡ ಹಿಡದ್ರ ಇದ್ದಲ್ಲೇ ನಿಲ್ಲು. ಅರ್ಧಾ ಮಂದಿಗೆ ಓದಾಕ ಬರಂಗಿಲ್ಲ, ಅದಕ್ಕ ಹೊಸಬ್ರು ಬಂದ ದಿನಾ ಹಾಜರಿ ಆದಕೂಡ್ಲೆ ಜೋರಿಲೆ ಓದಸ್ತೀನಿ. ಓದೋದು ಆ ಅಫಜಲಪುರದ ಹುಡುಗ, ಅಂವ ಈಗ ಜೆಟ್ಟಿಂಗ್ ಗಾಡಿ ಪೈಪ್ ಹಿಡೀತಾನ. ಹ್ವಾದ ವಾರ ಬಿಹಾರದಿಂದ ಒಬ್ಬ ಬಂದಾನ, ಕನ್ನಡಾನೂ ಬರಂಗಿಲ್ಲ, ಮರಾಠಿನೂ ಬರಂಗಿಲ್ಲ. ಹಿಂದ್ಯಾಗೂ ಖಾಲಿ ಅಂದ್ರ ಬರಿದು ಅಂತ ಆಗ್ತೈತಿ. ನಮ್ಮ ಹುಡುಗ ಅಂವನ್ನ ಗೋಡಿ ಹತ್ರ ಕರಕೊಂಡ ಹೋಗಿ ಬೊಟ್ಟ ಇಟ್ಟು ತೋರಿಸಿ, ನೆಲದ ಕಡೆ ಕೈ ಮಾಡಿ, ಮೂರ ಸಲ ಅನಿಸಿದ.